ಸಣ್ಣಾಕಿಯ ವಿಮಾನ

ಅತ್ತೆ ಸೊಸೆಯರು ಉಪ್ಪು ಖಾರಕ್ಕೆ ಜಗಳವಾಡಿದ್ದನ್ನು ನೀವು ಕೇಳಿದ್ದೀರಿ. ಅಣ್ಣ ತಮ್ಮಂದಿರು ಹೊಲದ ಬದುವಿಗಾಗಿ ಕೋರ್ಟು ಹತ್ತಿದ್ದನ್ನೂ ಕೇಳಿದ್ದೀರಿ. ಆದರೆ ಮೋಡಕ್ಕಾಗಿ ಜಗಳವಾಡಿದ ಮನೆಯನ್ನು ಕಂಡಿದ್ದೀರಾ? 2023ನೆಯ ವರ್ಷ ನಮ್ಮ ಮನೆಯಲ್ಲಿ ಆದದ್ದು ಅದೇ. ಮೋಡ ಬರಲಿ ಎಂದು ಅಪ್ಪ, ಬಾರದಿರಲಿ ಎಂದು ಮಗಳು. ಇಬ್ಬರೂ ಒಂದೇ ಆಕಾಶಕ್ಕೆ ಅರ್ಜಿ ಹಾಕಿಕೊಂಡು ಕುಳಿತಿದ್ದರು. ನಡುವೆ ನಾನು, ಶಾಲೆಯಲ್ಲಿ ಮಕ್ಕಳ ಜಗಳ ಬಿಡಿಸಿ ಬಿಡಿಸಿ ರೂಢಿಯಾದವಳು, ಈ ಜಗಳ ಬಿಡಿಸಲಾರದೆ ಸೋತಿದ್ದೆ.

ನಮ್ಮದು ಸೈದಾಪುರ. ರಾಯಚೂರಿನಿಂದ ಯಾದಗಿರಿಗೆ ರೈಲಿನಲ್ಲಿ ಹೋಗುವಾಗ ಕೃಷ್ಣಾ ಹೊಳೆ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಶನ್ನು. ಇಲ್ಲಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮತ್ತು ಸಮಾಜ ಕಲಿಸುತ್ತೇನೆ. ನಮ್ಮವರು ಹತ್ತು ಎಕರೆ ಒಣಬೇಸಾಯದಲ್ಲಿ ತೊಗರಿ, ಹತ್ತಿ ಬೆಳೆಯುತ್ತಾರೆ. ಹೆಣ್ಣುಮಕ್ಕಳು ಇಬ್ಬರು. ದೊಡ್ಡಾಕಿ ಮದುವೆಯಾಗಿ ರಾಯಚೂರಿನಲ್ಲಿದ್ದಾಳೆ. ಈ ಕಥೆ ಸಣ್ಣಾಕಿಯದು.

2019ರ ನವೆಂಬರಿನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾದಾಗ ಸಣ್ಣಾಕಿ ಅಲ್ಲೇ ಹಾಸ್ಟೆಲಿನಲ್ಲಿದ್ದು ಪಿ.ಯು.ಸಿ. ಓದುತ್ತಿದ್ದಳು. ವಿಮಾನ ನೋಡಲೆಂದು ಗೆಳತಿಯರ ಸಂಗಡ ಸೇಡಂ ರಸ್ತೆಗೆ ಹೋಗಿ ಬಂದವಳು ಮತ್ತೆ ಪೂರ್ತಿಯಾಗಿ ನೆಲಕ್ಕೆ ಇಳಿಯಲೇ ಇಲ್ಲ ಎನ್ನಿ. 2021ರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ದೇಶದ ಐದು ಊರುಗಳ ವಿಮಾನ ನಿಲ್ದಾಣಗಳಲ್ಲಿ ಪೈಲಟ್ ತರಬೇತಿ ಶಾಲೆ ತೆರೆಯಲು ಜಾಗ ಕೊಡುತ್ತಾರೆ. ಬೆಳಗಾವಿ, ಜಳಗಾಂವ್, ಖಜುರಾಹೊ, ಅಸ್ಸಾಮಿನ ಲೀಲಾಬಾರಿ, ಐದನೆಯದು ನಮ್ಮ ಕಲಬುರಗಿ. ಈ ಊರುಗಳನ್ನೇ ಯಾಕೆ ಆರಿಸಿದರು ಎಂಬುದಕ್ಕೆ ಕಾರಣವನ್ನೂ ಕೊಟ್ಟಿದ್ದರು: ಇಲ್ಲಿ ಹವಾಮಾನದ ತೊಂದರೆ ಕಡಿಮೆ. ಸಣ್ಣಾಕಿ ಆ ಸುದ್ದಿಯನ್ನು ಕತ್ತರಿಸಿ ಫಿಸಿಕ್ಸ್ ಪುಸ್ತಕದಲ್ಲಿ ಇಟ್ಟುಕೊಂಡಳು. ಆ ಕಾಗದದ ತುಂಡನ್ನು ಮುಂದೆ ನಾನು ಎಷ್ಟು ಸಲ ಬೈದೆನೋ ಲೆಕ್ಕವಿಲ್ಲ.

ಮುಂದೆ ಒಂದು ದಿನ ಮಾತು ತೆಗೆದಳು. ನಮ್ಮ ಅತ್ತೆಯವರು ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ನಿಲ್ಲಿಸಿದರು. "ಹೆಣ್ಣಮಗಳು ಹಾರತಾಳಂದ್ರ ಏನವ್ವಾ ಇದು? ಯಾರರ ಹಾರ್ಯಾರೇನು?"

ಹಾರಿದ್ದಾರೆ. ಅಂದು ನಾನು ಸಮಾಜದ ಟೀಚರಾಗಿ ಅತ್ತೆಯವರಿಗೆ ಪಾಠ ಮಾಡಿದೆ. 1936ರಲ್ಲಿಯೇ ಸರಳಾ ಠಕ್ರಾಲ್ ಎಂಬ ಇಪ್ಪತ್ತೊಂದು ವರ್ಷದ ಗೃಹಿಣಿ ಸೀರೆ ಉಟ್ಟುಕೊಂಡೇ ಲಾಹೋರಿನಲ್ಲಿ ಒಬ್ಬಳೇ ವಿಮಾನ ಹಾರಿಸಿದ್ದಳು. ನಮ್ಮ ರಾಜ್ಯದ ಜಕ್ಕೂರಿನ ಸರಕಾರಿ ವಿಮಾನ ಶಾಲೆಯಲ್ಲಿ 1949ರಲ್ಲಿ ಮೊದಲು ಕಲಿತು ಹೊರಬಿದ್ದವರು ಉಷಾ ಸುಂದರಂ ಎಂಬ ಹೆಣ್ಣುಮಗಳು. ಅತ್ತೆಯವರು ಎಲ್ಲ ಕೇಳಿ, "ಸೀರಿ ಉಟ್ಕೊಂಡು ಹಾರಿದ್ಳಾ? ಹಂಗಿದ್ರ ಹೋಗಲಿ" ಎಂದು ಮತ್ತೆ ರೊಟ್ಟಿ ಬಡಿಯತೊಡಗಿದರು.

ಅತ್ತೆಯವರನ್ನು ಒಪ್ಪಿಸಿದಷ್ಟು ಸುಲಭವಾಗಿ ರೊಕ್ಕ ಒಪ್ಪಲಿಲ್ಲ. ದೊಡ್ಡ ವಿಮಾನ ನಡೆಸಿ ಸಂಬಳ ಪಡೆಯುವ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಅದರ ಖರ್ಚು ಕೇಳಿಯೇ ನಮ್ಮವರು ಎದ್ದು ಹೊಲಕ್ಕೆ ಹೋದರು. ಖಾಸಗಿ ಪೈಲಟ್ ಲೈಸೆನ್ಸ್ ಎಂದು ಇನ್ನೊಂದಿದೆ. ಹದಿನೇಳು ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ವೈದ್ಯರ ಪರೀಕ್ಷೆ ಮತ್ತು ಲಿಖಿತ ಪರೀಕ್ಷೆ ದಾಟಿ ಕನಿಷ್ಠ 40 ಗಂಟೆ ಹಾರಿರಬೇಕು. ಅದರಿಂದ ಸಂಬಳ ಸಿಗುವುದಿಲ್ಲ, ಆದರೆ ಮೊದಲ ಮೆಟ್ಟಿಲು ಅದೇ. ನಲವತ್ತು ಗಂಟೆಯಾದರೆ ಆದೀತು ಎಂದು ನಾನು ಜಿ.ಪಿ.ಎಫ್. ಸಾಲ ತೆಗೆದೆ, ತವರಿನ ಪಾಟ್ಲಿ ಮಾರಿದೆ. ಒಂದು ಗಂಟೆ ಹಾರಾಟಕ್ಕೆ ನನ್ನ ಒಂದು ವಾರದ ಪಗಾರ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಲವತ್ತು ವಾರ ದುಡಿದರೆ ಮಗಳು ಪೈಲಟ್. ಲೆಕ್ಕ ಸರಳವಾಗಿತ್ತು. ಅದರಲ್ಲಿ ಆಕಾಶವನ್ನು ಸೇರಿಸುವುದನ್ನು ಮರೆತಿದ್ದೆ.

ಏಪ್ರಿಲಿನಲ್ಲಿ ಹಾರಾಟ ಶುರುವಾಯಿತು. ಪ್ರತಿ ರಾತ್ರಿ ಎಂಟೂವರೆಗೆ ಫೋನು.

"ಇವತ್ತು ಹಾರಿದೇನವ್ವಾ?"

"ಇಲ್ಲವ್ವಾ. ವೆದರ್."

ಎರಡು ದಿನ ಹಾರಿದರೆ ನಾಲ್ಕು ದಿನ ವೆದರ್. ಈ ಪದ ನಮ್ಮ ಮನೆಯಲ್ಲಿ ಉಪ್ಪು ಎಣ್ಣೆಯಷ್ಟು ಬಳಕೆಗೆ ಬಂತು. ತಿಂಗಳು ಕಳೆದ ಮೇಲೆ ಒಂದು ರಾತ್ರಿ ಅತ್ತೆಯವರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ಯಾರವ್ವಾ ಆ ವೆದರ? ದಿನಾ ಹುಡುಗಿನ ತಡಿತಾನಲ್ಲ. ನಿಮ್ಮ ಹೆಡ್‌ಮಾಸ್ತರ ಕಡಿಂದ ಅಂವಗ ಒಂದು ಮಾತು ಹೇಳಿಸಬಾರದೇನು?"

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ವಿಚಾರ ಮಾಡಿದರೆ ಅತ್ತೆಯವರು ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ವೆದರ್ ಎಂಬವನು ನಿಜವಾಗಿಯೂ ಒಬ್ಬ ಸಾಹೇಬನೇ. ವಶೀಲಿ ನಡೆಯದ ಸಾಹೇಬ.

ಅವನ ಕಾನೂನುಗಳನ್ನು ಸಣ್ಣಾಕಿ ನನಗೆ ಫೋನಿನಲ್ಲೇ ಕಲಿಸಿದಳು. ದೊಡ್ಡ ವಿಮಾನಗಳು ಯಂತ್ರಗಳನ್ನು ನಂಬಿ ಮೋಡದೊಳಗೂ ಹೋಗುತ್ತವೆ. ಕಲಿಯುವವರು ಮಾತ್ರ ಕಣ್ಣು ನಂಬಿ ಹಾರಬೇಕು. ಎದುರಿಗೆ 5 ಕಿಲೋಮೀಟರ್ ದೂರ ಕಾಣಬೇಕು. ಮೋಡಕ್ಕೂ ವಿಮಾನಕ್ಕೂ ಅಡ್ಡಲಾಗಿ 1500 ಮೀಟರ್, ಮೇಲೆ ಕೆಳಗೆ 300 ಮೀಟರ್ ಅಂತರ ಇರಬೇಕು. ಹಗಲಿನಲ್ಲೇ ಹಾರಬೇಕು. ಗಾಳಿ ರನ್‌ವೇಗೆ ಅಡ್ಡ ಬೀಸಿದರೆ ಹೊಸಬರಿಗೆ ಅಪ್ಪಣೆ ಇಲ್ಲ. ಬೇಸಿಗೆಯ ಮಧ್ಯಾಹ್ನ ನಮ್ಮ ಕರಿಮಣ್ಣಿನ ನೆಲ ಕಾದು ಗಾಳಿ ಮೇಲೇಳುತ್ತದೆ, ಸಣ್ಣ ವಿಮಾನ ಹಳ್ಳಿಯ ಹಾದಿಯ ಟಂಟಂನಂತೆ ಕುಲುಕುತ್ತದೆ. ಬಿಸಿಗಾಳಿ ತೆಳು, ರೆಕ್ಕೆಗೆ ಆಧಾರ ಕಡಿಮೆ, ನೆಲ ಬಿಡಲು ಹೆಚ್ಚು ದೂರ ಓಡಬೇಕು. ಅದಕ್ಕೆ ನಸುಕಿನಲ್ಲೇ ಹಾರಿಬಿಡಬೇಕು ಎಂದು ನಾಲ್ಕಕ್ಕೆ ಏಳುತ್ತಾರೆ. ಎದ್ದರೆ ಕೆಲವೊಮ್ಮೆ ನಸುಕಿನಲ್ಲಿ ಮಬ್ಬು. ಮಬ್ಬು ಕರಗುವ ಹೊತ್ತಿಗೆ ಬಿಸಿಲು. ಸಂಜೆಗೆ ಗುಡುಗು. "ಹಾರಲಿಕ್ಕೆ ಆಕಾಶ ಅಷ್ಟು ದೊಡ್ಡದದ ಅವ್ವಾ, ಆದ್ರ ಬಾಗಿಲು ಭಾಳ ಸಣ್ಣದು" ಎಂದಳು.

ಇಲ್ಲಿ ನಮ್ಮವರದು ಬೇರೆಯೇ ಪಾಡು. ಆ ವರ್ಷ ಮುಂಗಾರು ತಡವಾಯಿತು. ಕೇರಳಕ್ಕೇ ಜೂನ್ 8ಕ್ಕೆ ಬಂತು. ಮಿರಗ ಬರಿದೇ ಹೋಯಿತು. ಜುಲೈ ಕೊನೆಯಲ್ಲಿ ಮಳೆ ಹಿಡಿದಾಗ ನಮ್ಮವರು ತೊಗರಿ ಬಿತ್ತಿ ಬಂದು ಕಾಲು ತೊಳೆದುಕೊಂಡು ಮಗಳಿಗೆ ಫೋನು ಹಚ್ಚಿದರು.

"ಮಳಿ ಅದ ಏನವ್ವಾ ಅಲ್ಲಿ?"

"ಜಿಟಿಜಿಟಿ ಹಚ್ಚದಪ್ಪಾ, ಬಿಡವಲ್ದು."

"ಭಾಳ ಛಲೋ ಆತು!" ಎಂದವರು ಆ ಕಡೆಯ ಮೌನ ಕೇಳಿ ನಾಲಗೆ ಕಚ್ಚಿಕೊಂಡು ಫೋನು ನನ್ನ ಕೈಗೆ ಕೊಟ್ಟರು.

ಆ ಜುಲೈಯಲ್ಲಿ ಸಣ್ಣಾಕಿ ಒಂದೇ ಸವನೆ ಹದಿನೇಳು ದಿನ ನೆಲದ ಮೇಲೆ ಕುಳಿತಳು. ಹಾರದಿದ್ದರೂ ಕೋಣೆಯ ಬಾಡಿಗೆ ನಿಲ್ಲುವುದಿಲ್ಲ, ಊಟದ ಖರ್ಚು ನಿಲ್ಲುವುದಿಲ್ಲ, ನನ್ನ ಸಾಲದ ಕಂತೂ ನಿಲ್ಲುವುದಿಲ್ಲ. ತಡೆಯಲಾರದೆ ಒಂದು ಭಾನುವಾರ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನಸುಕಿನ ರೈಲು ಹತ್ತಿದೆ. ಕಲಬುರಗಿಯಲ್ಲಿ ಅವಳ ಕೋಣೆಯ ಬಾಗಿಲಲ್ಲಿ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಇಸ್ತ್ರಿ ಮಾಡಿ ತೂಗುಹಾಕಿದ ಬಿಳಿ ಅಂಗಿ. ಹದಿನೇಳು ದಿನವೂ ಅದನ್ನು ಇಸ್ತ್ರಿ ಮಾಡಿದ್ದಳಂತೆ. ಹದಿನೇಳು ದಿನವೂ ತೊಟ್ಟುಕೊಂಡು ಹೋಗಿ, ಅರ್ಧ ಗಂಟೆಗೊಮ್ಮೆ ಬರುವ ಹವಾಮಾನದ ವರದಿ ಓದಿ, ಸಂಜೆಗೆ ಸುಕ್ಕು ಬೀಳದ ಅಂಗಿ ತಂದು ಮತ್ತೆ ತೂಗುಹಾಕಿದ್ದಳಂತೆ.

ಅಂದು ಮಳೆ ಇರಲಿಲ್ಲ. ಆಕಾಶ ಬೂದಿ ಬಳಿದಂತೆ ಇತ್ತು, ಅಷ್ಟೇ. ಸಂಜೆಯವರೆಗೆ ಒಂದು ಹನಿ ಬೀಳಲಿಲ್ಲ, ವಿಮಾನವೂ ಏಳಲಿಲ್ಲ. ಮೋಡ ಬಹಳ ಕೆಳಗಿದೆ ಎಂದಳು. ನನ್ನ ಕಣ್ಣಿಗೆ ಅದು ಎಂದಿನ ಮೋಡವೇ. ಸ್ಟೇಶನ್ನಿಗೆ ಬಿಡಲು ಬಂದಾಗ, ಯಾವ ಗಳಿಗೆಯಲ್ಲೋ, ನನ್ನ ಬಾಯಿಂದ ಆ ಮಾತು ಬಂದುಬಿಟ್ಟಿತು.

"ನಿನ್ನ ಜೋಡಿ ಸೇರಿದ ಹುಡುಗ ಆಗಲೇ ಒಬ್ಬನೇ ಹಾರ್ಯಾನಂತಲ್ಲ. ನೀ ಅಂಜತಿ ಏನು?"

ಸಣ್ಣಾಕಿ ಏನೂ ಅನ್ನಲಿಲ್ಲ. ಖಾಲಿ ಡಬ್ಬಿಯ ಚೀಲವನ್ನು ನನ್ನ ಕೈಗೆ ಕೊಟ್ಟು, "ರೈಲು ಬಂತವ್ವಾ" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಯಾವ ಮಾತು ಮಗುವಿನ ಎದೆಯಲ್ಲಿ ಮುಳ್ಳಾಗಿ ನಿಲ್ಲುತ್ತದೆ ಎಂದು ಬೇರೆಯವರ ಮಕ್ಕಳ ವಿಷಯದಲ್ಲಿ ನನಗೆ ಚೆನ್ನಾಗಿ ಗೊತ್ತು. ರೈಲು ವಾಡಿ ದಾಟುವವರೆಗೂ ನನ್ನ ಮಾತು ನನಗೇ ಚುಚ್ಚುತ್ತಿತ್ತು. ಆದರೂ ಫೋನು ಮಾಡಿ "ತಪ್ಪಾಯ್ತವ್ವಾ" ಎನ್ನಲಿಲ್ಲ. ತಾಯಂದಿರಿಗೆ ಆ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ.

ಆಮೇಲೆ ಬಂತು ಆಗಸ್ಟ್. ಮಳೆ ಹೋಯಿತು ನೋಡಿ, ಹೋದದ್ದು ತಿಂಗಳುಗಟ್ಟಲೆ ಮರಳಲಿಲ್ಲ. 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ ಎಂದು ಆಮೇಲೆ ಹವಾಮಾನ ಇಲಾಖೆಯೇ ಹೇಳಿತು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತಾರೆ. ಆ ಸಲ ಮಘೆ ಬರಲೇ ಇಲ್ಲ. ಮನೆಯ ಮಗಳು ಮಾತ್ರ ಹೊಟ್ಟೆ ತುಂಬ ಹಾರಿದಳು. ದಿನ ಬಿಟ್ಟು ದಿನ, ಕೆಲವೊಮ್ಮೆ ದಿನಕ್ಕೆ ಎರಡು ಸಲ. ಒಂದು ಬೆಳಿಗ್ಗೆ ಕಲಿಸುವ ಸರ್ ವಿಮಾನದಿಂದ ಇಳಿದು, "ಈಗ ನೀನೊಬ್ಬಳೇ ಒಂದು ಸುತ್ತು ಹಾಕಿ ಬಾ" ಎಂದರಂತೆ. ಹಾಕಿ ಬಂದಳು. ಮೊದಲ ಸಲ ಒಬ್ಬರೇ ಹಾರಿ ಇಳಿದವರ ತಲೆಯ ಮೇಲೆ ಬಕೆಟ್ ನೀರು ಸುರಿಯುವುದು ಪೈಲಟ್‌ಗಳಲ್ಲಿ ಹಳೆಯ ಪದ್ಧತಿ. ತೊಯ್ದು ತೊಪ್ಪೆಯಾಗಿ ನಗುತ್ತ ನಿಂತ ಫೋಟೋ ಕಳಿಸಿದಳು. ಆ ಆಗಸ್ಟಿನಲ್ಲಿ ನಮ್ಮ ಮನೆತನದಲ್ಲಿ ನೆನೆದವಳು ಅವಳೊಬ್ಬಳೇ.

ನಮ್ಮವರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಹೊಲದಲ್ಲಿ ಗೇಣುದ್ದ ತೊಗರಿ ಬಾಡಿ ನಿಂತಿತ್ತು, ನೆಲ ಬಿರಿದಿತ್ತು. "ಮಗಳಿಗೆ ಛಲೋ ಆಗ್ಯದ" ಎಂದರು. ಮಳೆಯ ವಿಷಯ ಕೇಳುವುದನ್ನು ಅವರು ಫೋನಿನಲ್ಲಿ ನಿಲ್ಲಿಸಿಬಿಟ್ಟರು. ತನ್ನ ಆಸೆ ಮಗಳಿಗೆ ಅಡ್ಡಿಯಾದೀತು ಎಂದೋ ಏನೋ. ಅವಳೂ "ಇವತ್ತು ವೆದರ್ ಭಾಳ ಛಲೋ ಇತ್ತು" ಎನ್ನುವುದನ್ನು ಅಪ್ಪನ ಮುಂದೆ ಬಿಟ್ಟಳು. ಒಬ್ಬರ ಸುಖ ಇನ್ನೊಬ್ಬರ ದುಃಖ ಎಂದು ತಿಳಿದಾಗ ಪ್ರೀತಿಯುಳ್ಳವರು ಮಾತು ಕಡಿಮೆ ಮಾಡುತ್ತಾರೆ.

ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಅವಳ ದನಿಯಲ್ಲಿ ಹಿಗ್ಗು. ಒಬ್ಬಳೇ ದೂರ ಹೋಗಿ ಬರುವ ಹಾರಾಟ ಇದೆಯಂತೆ. ಕಲಬುರಗಿಯಿಂದ ರೈಲು ಹಳಿಯ ಗುಂಟ ದಕ್ಷಿಣಕ್ಕೆ ಬರುವುದು. ವಾಡಿಯ ಸಿಮೆಂಟ್ ಕಾರ್ಖಾನೆ ಒಂದು ಗುರುತು, ಯಾದಗಿರಿಯ ಕೋಟೆ ಗುಡ್ಡ ಇನ್ನೊಂದು. ಆಮೇಲೆ ನಮ್ಮ ಸೈದಾಪುರದ ಮೇಲೆ ಹಾಯ್ದು, ಭೀಮಾ ನದಿ ಕೃಷ್ಣೆಯನ್ನು ಕೂಡುವಲ್ಲಿ ತಿರುಗಿ ಮರಳುವುದು. ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ನಮ್ಮೂರಿಗೆ ಬರೀ ಅರ್ಧ ಗಂಟೆ. "ಗುರುವಾರ ಬೆಳಿಗ್ಗೆ ಹತ್ತೂವರಿಗೆ ನಿಮ್ಮ ಸಾಲಿ ಮ್ಯಾಲೆ ಇರ್ತೀನವ್ವಾ!"

ನಾನು ಸುಮ್ಮನಿರಬೇಕಾಗಿತ್ತು. ಇರಲಿಲ್ಲ. ಹೆಡ್‌ಮಾಸ್ತರಿಗೆ ಹೇಳಿದೆ, ಸಹೋದ್ಯೋಗಿಗಳಿಗೆ ಹೇಳಿದೆ, ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೂ ಹೇಳಿದೆ. ಗುರುವಾರ ಸೆಪ್ಟೆಂಬರ್ 14, ಗಣೇಶನ ಹಬ್ಬಕ್ಕೆ ಇನ್ನು ನಾಲ್ಕು ದಿನ. ಶಾಲೆಯಲ್ಲಿ ಅಂದೇ ಹಬ್ಬ. ಒಂಬತ್ತನೆಯ ತರಗತಿಯ ಹುಡುಗಿಯರು ಬೀಸಲು ಬಿಳಿ ದುಪಟ್ಟಾ ತಂದಿದ್ದರು. ಅತ್ತೆಯವರು ಸ್ಟೀಲಿನ ಕುರ್ಚಿ ಹಾಕಿಸಿಕೊಂಡು ಶಾಲೆಯ ಬೇವಿನ ಗಿಡದ ಕೆಳಗೆ ಕುಳಿತಿದ್ದರು.

ಹತ್ತೂವರೆ ಆಯಿತು. ಫೋನು ಬಂತು: ಕಲಬುರಗಿಯಲ್ಲಿ ಮೋಡ ಕೆಳಗಿದೆ, ಹನ್ನೆರಡಕ್ಕೆ ಬಿಡಬಹುದು. ಹನ್ನೆರಡು ಆಯಿತು. ಇನ್ನೂ ಇಲ್ಲ. "ಅಂವನೇ, ವೆದರ" ಎಂದು ಅತ್ತೆಯವರು ಎಲೆ ಅಡಿಕೆ ಹಾಕಿಕೊಂಡರು. ಮಕ್ಕಳು ಬಿಸಿಯೂಟ ಉಂಡು ಮತ್ತೆ ಅಂಗಳಕ್ಕೆ ಬಂದರು. ಎರಡೂಕಾಲಕ್ಕೆ ಸಂದೇಶ: "ಹೊಂಟೆ."

ಎರಡೂಮುಕ್ಕಾಲಿಗೆ ಉತ್ತರದ ಆಕಾಶ ಖಾಲಿ ಇತ್ತು. ಮೂರಕ್ಕೂ ಖಾಲಿ. ಅಷ್ಟರಲ್ಲಿ ಯಾರೋ ಹುಡುಗ, "ಟೀಚರ್ರೀ, ಹಿಂದ ನೋಡ್ರಿ" ಎಂದ. ತಿರುಗಿದೆ. ಕೃಷ್ಣಾ ಹೊಳೆಯ ಕಡೆಯಿಂದ ಕರಿಯ ಗೋಡೆಯೊಂದು ಎದ್ದು ಬರುತ್ತಿತ್ತು. ತಲೆ ಬೆಳ್ಳಗೆ ಹೂಕೋಸಿನಂತೆ ಅರಳಿತ್ತು, ಬುಡ ಕಾಡಿಗೆಯಂತಿತ್ತು. ಎರಡು ತಿಂಗಳು ಕಾದ ಉತ್ತರಿ ಮಳೆ! ಮೊದಲು ತಣ್ಣನೆಯ ಗಾಳಿ, ಆಮೇಲೆ ಧೂಳು, ಆಮೇಲೆ ಗೋಲಿಯಂಥ ಹನಿಗಳು. ಮಕ್ಕಳು ಕೇಕೆ ಹಾಕುತ್ತ ದುಪಟ್ಟಾ ಬೀಸುತ್ತ ಮಳೆಯಲ್ಲೇ ಕುಣಿದರು. ಹೆಡ್‌ಮಾಸ್ತರು ಅತ್ತೆಯವರನ್ನು ಕೈಹಿಡಿದು ಪಡಸಾಲೆಗೆ ಕರೆದೊಯ್ದರು. ಊರಿಗೆ ಊರೇ ನಗುತ್ತಿತ್ತು. ನಾನೊಬ್ಬಳು ಅಂಗಳದ ನಡುವೆ ನಿಂತು ಆ ಮೋಡವನ್ನು ನೋಡುತ್ತಿದ್ದೆ. ಅದರ ವಿಷಯ ಅವಳು ನನಗೆ ಹೇಳಿದ್ದಳು. ಗುಡುಗು ಮೋಡದೊಳಗೆ ಗಾಳಿ ಮೇಲಕ್ಕೂ ಕೆಳಕ್ಕೂ ಹುಚ್ಚೆದ್ದು ಓಡುತ್ತದೆ, ಆಲಿಕಲ್ಲು ಇರುತ್ತದೆ, ದೊಡ್ಡ ವಿಮಾನಗಳೂ ಮೂವತ್ತು ನಲವತ್ತು ಕಿಲೋಮೀಟರ್ ದೂರ ಸರಿದು ಹೋಗುತ್ತವೆ ಎಂದು.

ಫೋನು ಬಾರಿಸಿತು. ನಮ್ಮವರು, ಹೊಲದಿಂದ. ಮಳೆಯ ಸದ್ದಿನಲ್ಲಿ ಕೂಗುತ್ತಿದ್ದರು. "ಮಳಿ ಬಂತು! ಕೇಳಿಸ್ತದೇನು? ಮಳಿ ಬಂತು!" ನಾನು ಮಾತಾಡಲಿಲ್ಲ. ಒಂದು ಕ್ಷಣ ಅವರೂ ನಿಂತರು. ಆಮೇಲೆ ಬೇರೆಯೇ ದನಿಯಲ್ಲಿ, "ಸಣ್ಣಾಕಿ ಎಲ್ಲದಾಳ?" ಎಂದರು. ಅಷ್ಟಕ್ಕೇ ಫೋನು ಕಟ್ಟಾಯಿತು. ನಮ್ಮೂರಿನಲ್ಲಿ ಮಳೆ ಬಂದರೆ ಮೊದಲು ಹೋಗುವುದು ನೆಟ್‌ವರ್ಕ್.

ಮುಂದಿನ ಇಪ್ಪತ್ತು ನಿಮಿಷಗಳನ್ನು ನಾನು ಬರೆಯಲಾರೆ. ನೀವು ತಾಯಂದಿರು, ನಿಮಗೆ ಬರೆದು ತೋರಿಸಬೇಕಾಗಿಯೂ ಇಲ್ಲ. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಕಲಬುರಗಿ ಸ್ಟೇಶನ್ನಿನಲ್ಲಿ ಆಡಿದ ಆ ಒಂದೇ ಮಾತು. "ಅಂಜತಿ ಏನು?" ಅದನ್ನು ಕೇಳಿದ ಮಗಳು, ಶಾಲೆಯ ಅಂಗಳದಲ್ಲಿ ಮುನ್ನೂರು ಜನ ಕಾಯುತ್ತಿದ್ದಾರೆ ಎಂದು ಗೊತ್ತಿರುವ ಮಗಳು, ಮೋಡ ಕಂಡರೆ ಏನು ಮಾಡುತ್ತಾಳೆ?

ಮೂರೂವರೆಗೆ ಫೋನು ಬಂತು.

"ಅವ್ವಾ, ಕೆಳಗ ಇಳದೀನಿ. ಕಲಬುರಗ್ಯಾಗೇ ಇದ್ದೀನಿ."

ನಾನು ಪಡಸಾಲೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ಯಾದಗಿರಿ ಗುಡ್ಡದ ತನಕ ಬಂದಿದ್ದೆ. ಮುಂದ ನಮ್ಮೂರು ಇರೋ ಜಾಗದಾಗ ಕಪ್ಪಗ ಗ್ವಾಡಿ ನಿಂತಂಗ ಇತ್ತು. ನೀವೆಲ್ಲಾ ಕಾಯಲಿಕತ್ತೀರಿ ಅಂತ ಗೊತ್ತಿತ್ತವ್ವಾ. ಇನ್ನೊಂದು ಐದು ನಿಮಿಷ ಹೋಗಿ ನೋಡಲೇನು ಅಂತ ಮನಸಿಗೆ ಬಂತು. ಆದ್ರ ಹೊಳ್ಳಿಬಿಟ್ಟೆ." ಸ್ವಲ್ಪ ತಡೆದು, "ದೂರದ ಹಾರಾಟ ಮತ್ತ ಮಾಡಬೇಕಾಗ್ತದ. ರೊಕ್ಕ ಮತ್ತ ಬೇಕಾಗ್ತದ. ಅಂಜಿದೆ ಅಂತ ಮಾತ್ರ ಅನಬ್ಯಾಡವ್ವಾ" ಎಂದಳು.

ಜುಲೈಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ಹೊರಗೆ ಬಂತು. "ತಪ್ಪಾಗ್ಯದವ್ವಾ ನಂದು" ಎಂದೆ. ಆ ಕಡೆ ಸಣ್ಣಾಕಿ ಅತ್ತಳು, ಈ ಕಡೆ ನಾನು. ಮಳೆಯ ಸದ್ದಿನಲ್ಲಿ ಮಕ್ಕಳಿಗೆ ಗೊತ್ತಾಗಲಿಲ್ಲ.

ಅಂದು ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ನಾನು ಪಾಟ್ಲಿ ಮಾರಿದ್ದು ಯಾತಕ್ಕೆ? ಮಗಳು ಹಾರುವುದನ್ನು ಕಲಿಯಲಿ ಎಂದು. ಹಾರುವುದನ್ನು ಅವಳು ಮೇ ತಿಂಗಳಲ್ಲೇ ಕಲಿತಿದ್ದಳು. ಉಳಿದ ಅಷ್ಟೂ ದಿನ, ಆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತ ಕುಳಿತ ಹದಿನೇಳು ದಿನವೂ ಸೇರಿ, ಅವಳು ಕಲಿತದ್ದು ಹಾರದಿರುವುದನ್ನು. ದಂಡವಾಯಿತು ಎಂದು ನಾನು ಅತ್ತ ರೊಕ್ಕವೇ ಅಂದು ಯಾದಗಿರಿ ಗುಡ್ಡದ ಮೇಲೆ ಅವಳ ಕೈ ತಿರುಗಿಸಿತ್ತು. ತಾಳಿದವನು ಬಾಳಿಯಾನು ಎಂದು ಎಷ್ಟು ವರ್ಷ ಫಲಕದ ಮೇಲೆ ಬರೆದು ಮಕ್ಕಳ ಕೈಯಿಂದ ಗಾದೆ ವಿಸ್ತಾರ ಮಾಡಿಸಿದ್ದೇನೋ! ನನ್ನ ಮನೆಯೊಳಗೆ ಅದರ ಅರ್ಥ ಬಂದು ನಿಂತಾಗ ಗುರುತು ಹತ್ತಲಿಲ್ಲ.

ಮರುದಿನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್ರೀ, ವಿಮಾನ ಬರ್ತದಂತ ಹೇಳಿದ್ರಿ, ಬರಲೇ ಇಲ್ಲ." ನಾನು ಆದದ್ದನ್ನೆಲ್ಲ ಹೇಳಿದೆ. ಮೋಡದ ಚಿತ್ರ ಬರೆದು ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ, ಎಂದೂ ಬಾಯಿ ತೆರೆಯದ ಹುಡುಗನೊಬ್ಬ ಎದ್ದ. "ಹಳ್ಳ ತುಂಬಿ ಬಂದಾಗ ನಮ್ಮಪ್ಪನೂ ಬಂಡಿ ಹೊಳ್ಳಿಸಿಕೊಂಡು ಬರ್ತಾನ್ರಿ. ಎತ್ತು ಹೋದ್ರ ತರಲಿಕ್ಕೆ ಆಗಂಗಿಲ್ಲ ಅಂತಾನ್ರಿ." ನನಗೆ ಒಂದು ವರ್ಷ ಹಿಡಿದ ಪಾಠ ಅವನಿಗೆ ಮನೆಯಲ್ಲೇ ಆಗಿತ್ತು.

ಉತ್ತರಿ ಮಳೆಯಿಂದ ನಮ್ಮ ತೊಗರಿ ಅರ್ಧದಷ್ಟು ಉಳಿಯಿತು. ಸಣ್ಣಾಕಿ ಲೈಸೆನ್ಸು ಪಡೆದಳು. ದೊಡ್ಡ ಲೈಸೆನ್ಸಿಗೆ ಇನ್ನೂ ಬಹಳ ಗಂಟೆಗಳು ಬೇಕು. ಅದಕ್ಕೆ ಬ್ಯಾಂಕಿನ ಸಾಲಕ್ಕೆ ಓಡಾಡುತ್ತಿದ್ದೇವೆ. ಬ್ಯಾಂಕಿನವರು ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರೆ, "ಅದು ನಮ್ಮ ಕೈಯಾಗಿಲ್ರಿ" ಎನ್ನುತ್ತೇನೆ. ಮೊದಲಾಗಿದ್ದರೆ ಹಾಗೆ ಹೇಳಲು ಸಂಕೋಚಪಡುತ್ತಿದ್ದೆ.

ಅಂದಹಾಗೆ, ದೂರದ ಹಾರಾಟವನ್ನು ಅವಳು ಮತ್ತೆ ಮಾಡಿದಳು. ಹೊರಡುವ ಮುನ್ನ ಫೋನು ಮಾಡಿದ್ದಳು. "ದಿನ, ಟೈಮು ಹೇಳಲೇನವ್ವಾ?" "ಬ್ಯಾಡ, ಹೇಳಬ್ಯಾಡ" ಎಂದೆ. "ನಾವು ಯಾರೂ ಕಾಯಂಗಿಲ್ಲ. ನಿನಗ ಬರಬೇಕನಿಸಿದ್ರ ಬಾ, ಹೊಳ್ಳಬೇಕನಿಸಿದ್ರ ಹೊಳ್ಳು."

ಕೆಲವು ದಿನಗಳಾದ ಮೇಲೆ ನಾನು ಹತ್ತನೆಯವರಿಗೆ ವ್ಯಾಕರಣ ಹೇಳುತ್ತಿದ್ದೆ. ದೂರದಲ್ಲಿ ಹೊಲಿಗೆ ಯಂತ್ರದಂಥ ಸಣ್ಣ ಸದ್ದು ಕೇಳಿಸಿತು. ಅವಳದೋ ಬೇರೆ ಯಾರದೋ ನಾನು ವಿಚಾರಿಸಲಿಲ್ಲ. ಮಕ್ಕಳು ಕಿಟಕಿಗೆ ಓಡಿದರು. ನಾನು ಫಲಕದ ಕಡೆ ಮುಖ ಮಾಡಿ ನಿಂತೇ ಇದ್ದೆ. ಅಂದು ಸಂಜೆ ಅತ್ತೆಯವರು ಕಟ್ಟೆಯ ಮೇಲೆ ಕುಳಿತು ಆಕಾಶ ನೋಡುತ್ತ, "ಇವತ್ತು ವೆದರ ಸಾಹೇಬ ಛಲೋ ಅದಾನ ನೋಡವ್ವಾ" ಎಂದರು.